ಅಂಟು ಹಲ್ಲಲ್ಲೇ ಉಳಿಯಲಿ

ಬ್ರೋಕನ್ ಹಿಲ್‌ನ ನಮ್ಮ ದಂತ ಚಿಕಿತ್ಸಾಲಯದಲ್ಲಿ ನೊಯ್ಲೀನ್ ಟ್ರೆವೀನಾ ಇಪ್ಪತ್ತೊಂಬತ್ತು ವರ್ಷದಿಂದ ಹಲ್ಲಿನ ಕ್ಲಿಪ್ಪು ಬಿಚ್ಚುತ್ತಿದ್ದಾಳೆ. ಹಾಕುವ ಡಾಕ್ಟರು ತಿಂಗಳಿಗೊಮ್ಮೆ ಅಡಿಲೇಡಿನಿಂದ ಬಂದು ಹೋಗುತ್ತಾರೆ. ಬಿಚ್ಚುವ ಪಾಡು ಇವಳದು. ಫೋನೆತ್ತುತ್ತ, ಬೇಕಾದಾಗ ಅವಳ ಪಕ್ಕ ನಿಂತು ಗಾಳಿಕೊಳವೆ ಹಿಡಿಯುತ್ತ ನಾನೂ ಹದಿನಾರು ವರ್ಷ ಸವೆಸಿದ್ದೇನೆ. ಅವಳ ಬಲ ಮಣಿಕಟ್ಟು ಈಗ ಮಧ್ಯಾಹ್ನ ಮೂರಕ್ಕೇ ಮುಷ್ಕರ ಹೂಡುತ್ತದೆ. ಅವಳ ದಣಿವು ನೋಡಿ ನೋಡಿ ನನಗೂ ದಣಿವಾಗಿದೆ.

ಆ ಶುಕ್ರವಾರ ಮೂರೂವರೆಗೆ ಬಂದವಳು ಟಾಲಿಯಾ ಕೆಸ್ಸೆಲ್, ಹದಿನೇಳರ ಹುಡುಗಿ. ಬಾಯಿಗೆ ಅಂಗೈ ಮುಚ್ಚಿಕೊಂಡಿದ್ದಳು. ಹಿಂದೆ ಅವಳಪ್ಪ ರೋವನ್, ಎರಡು ಗಂಟೆ ದಾರಿಯಾಚೆ ಕುರಿ ಸಾಕುವವನು. ಮಾರನೆಯ ಸಂಜೆ ಶಾಲೆಯ ಕೊನೆ ವರ್ಷದವರ ಪಾರ್ಟಿ. ಕ್ಲಿಪ್ಪು ಬಿಚ್ಚಲು ಕೊಟ್ಟ ದಿನ ಅದಾಗಿ ಹತ್ತು ದಿನಕ್ಕೆ. ಕ್ಲಿಪ್ಪು ಹಾಕಿಕೊಂಡು ಪಾರ್ಟಿಗೆ ಹೋಗೋದಿಲ್ಲ ಎಂದು ಮಗಳು ಅತ್ತಳಂತೆ. ಅಪ್ಪ ಬೇಲಿ ಕಟ್ಟುವ ಇಕ್ಕಳ ತಂದು, ತಂತಿ ಕತ್ತರಿಸಿ, ಮುಂದಿನ ಹಲ್ಲಿಗೆ ಅಂಟಿಸಿದ್ದ ಲೋಹದ ಬಿಲ್ಲೆಯೊಂದನ್ನು ತಿರುಚಿ ಕಿತ್ತ. ಟಕ್ ಎಂದಿತು, ಹುಡುಗಿ ಕಿರುಚಿದಳು, ಅಲ್ಲಿಗೆ ನಿಲ್ಲಿಸಿದ.

ನಾನು ಡಾಕ್ಟರಿಗೆ ಫೋನು ಮಾಡಿದೆ. ಹಲ್ಲು ಸಾಲಿಗೆ ಬಂದಿವೆ, ಉಳಿದದ್ದನ್ನೂ ಬಿಚ್ಚಿಬಿಡಿ ಎಂದರು.

"ನಿಮಗೆ ಹತ್ತು ನಿಮಿಷದ ಕೆಲಸ, ಅಲ್ವಾ ನೊಯ್ಲೀನ್?" ಅಂದ ರೋವನ್.

"ಕುರಿ ಉಣ್ಣೆ ಕತ್ತರಿಸೋದಲ್ಲಪ್ಪ ಇದು. ಸುಮ್ನೆ ಕೂತ್ಕೋ."

ಅವಳು ತಿರುಚುವುದಿಲ್ಲ. ಬಿಲ್ಲೆಯ ಎರಡು ಅಂಚನ್ನು ಚಿಕ್ಕ ಇಕ್ಕಳದಿಂದ ಮೆಲ್ಲಗೆ ಅದುಮುತ್ತಾಳೆ, ಅದು ತಾನೇ ಬಿಡುತ್ತದೆ. ಒಂದೊಂದೇ ಬಿಟ್ಟವು. ಹಲ್ಲಿನ ಮೇಲೆ ಅಂಟಿನ ಉಬ್ಬು ಉಳಿಯಿತು.

ರೋವನ್ ಬಗ್ಗಿ ನೋಡಿದ. "ಇದೇನು, ಅಂಟೆಲ್ಲ ಹಲ್ಲಲ್ಲೇ ಉಳೀತು! ನಾನು ಕಿತ್ತಿದ್ದು ನೋಡಿ, ಎಷ್ಟು ಚೊಕ್ಕಟ!"

ನನಗೆ ಮೈಯೆಲ್ಲ ಉರಿಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ನೊಯ್ಲೀನ್ ಮಾತ್ರ ದನಿ ಏರಿಸಲಿಲ್ಲ.

"ನೀನು ಕಿತ್ತ ಬಿಲ್ಲೆ ಎಲ್ಲಿ?"

ಅವನು ಎದೆ ಜೇಬಿನಿಂದ ತಂಬಾಕಿನ ಡಬ್ಬಿ ತೆಗೆದ. ಅವಳು ಬಿಲ್ಲೆಯನ್ನು ಬೋರಲು ಹಾಕಿ ದೀಪದ ಕೆಳಗೆ ಹಿಡಿದಳು. ಅಂಟಿನ ಮೇಲೆ ಸಕ್ಕರೆ ಹರಳಿನಷ್ಟು ಬಿಳಿ ಚೂರು.

"ಇದು ಅಂಟಲ್ಲ ರೋವನ್. ಇವಳ ಹಲ್ಲು."

ಅವನು ಬಗ್ಗಿ ಆ ಚೂರನ್ನೇ ನೋಡಿದ.

"ಅಂಟು ಹಲ್ಲಲ್ಲಿ ಉಳಿದ್ರೆ ನಾನು ನಿಧಾನಕ್ಕೆ ತೆಗೀತೀನಿ. ಹಲ್ಲೇ ಅಂಟಿನ ಜೊತೆ ಬಂದ್ಬಿಟ್ರೆ, ಆ ಗುಳಿ ಮುಚ್ಚಬಹುದು ಅಷ್ಟೆ."

"ಮತ್ತೆ ಬೆಳೆಯಲ್ವಾ?"

"ಉಣ್ಣೆ ಬೆಳೆಯುತ್ತೆ. ಇದು ಬೆಳೆಯಲ್ಲ."

ಆಮೇಲೆ ಅಂಟು ತೆಗೆಯುವ ಕೆಲಸ. ಒದ್ದೆಯಿದ್ದಾಗ ಅಂಟೂ ಹಲ್ಲೂ ಒಂದೇ ಬಣ್ಣ. ನಾನು ಗಾಳಿ ಊದಿ ಒಣಗಿಸಿದರೆ ಅಂಟು ಮಂಕಾಗಿ, ಹಲ್ಲು ಹೊಳೆದು ಕಾಣುತ್ತದೆ. ಅವಳು ಒಂದು ಉಸಿರಿನಷ್ಟು ಹೊತ್ತು ಉಜ್ಜುವಳು, ನಿಲ್ಲಿಸುವಳು, ನೋಡುವಳು. ನಾನು ಮತ್ತೆ ಊದುವೆ. ಹೀಗೇ ಐದೂವರೆಯಾಯಿತು. ಎರಡು ಹಲ್ಲು ಉಳಿದಿದ್ದಾಗ ಅವಳು ಬಲ ಮಣಿಕಟ್ಟು ಒತ್ತಿಕೊಂಡಳು. ಉಪಕರಣ ಕೆಳಗಿಟ್ಟಳು.

"ಇವೆರಡು ಸೋಮವಾರ. ಆ ಗುಳಿನೂ ಅವತ್ತೇ ಮುಚ್ಚೋಣ."

"ನಾಳೆನೇ ಪಾರ್ಟಿ! ಇನ್ನು ಎರಡೇ ಅಲ್ವಾ?" ಟಾಲಿಯಾಳ ಕಣ್ಣು ತುಂಬಿತು.

"ಗೊತ್ತು ಮಗಾ. ದಣಿದ ಕೈಗೆ ಅಂಟು ಯಾವ್ದು ಹಲ್ಲು ಯಾವ್ದು ತಿಳಿಯಲ್ಲ. ಒಂದು ಹಲ್ಲು ಕೆಟ್ಟಿದ್ದು ಸಾಕು."

ಇನ್ನು ಹತ್ತು ನಿಮಿಷ ಹಲ್ಲುಕಚ್ಚಿ ಮುಗಿಸಬಾರದಿತ್ತೇ ಎಂದು ನನಗೂ ಸಿಟ್ಟು ಬಂತು. ಅವರು ಹೋದ ಮೇಲೆ ನೊಯ್ಲೀನ್ ಕೈ ತೊಳೆಯಲು ಹೋದಳು. ನಲ್ಲಿ ತಿರುಗಿಸಲು ಅವಳಿಗೆ ಆಗಲಿಲ್ಲ. ನಾನೇ ತಿರುಗಿಸಿದೆ.

ಸೋಮವಾರ ಟಾಲಿಯಾ ಪಾರ್ಟಿಯ ಫೋಟೋ ತೋರಿಸಿದಳು. ಹಸಿರು ಗೌನು, ಬಾಯಿ ತುಂಬ ನಗು. ಉಳಿದ ಅಂಟು ಯಾರ ಕಣ್ಣಿಗೂ ಬೀಳುವಂತಿರಲಿಲ್ಲ. ಫೋಟೋದಲ್ಲಿ ಅವಳ ಪಕ್ಕ ರೋವನ್ ಮಾತ್ರ ತುಟಿ ಬಿಗಿದು ನಿಂತಿದ್ದ.

ಎಲ್ಲ ಮುಗಿದ ಮೇಲೆ ಅವನು ತಂಬಾಕಿನ ಡಬ್ಬಿ ತೆರೆದು ನೊಯ್ಲೀನಳ ಮುಂದೆ ಹಿಡಿದ. ಒಳಗೆ ಅದೇ ಬಿಲ್ಲೆ, ಬಿಳಿ ಚೂರಿನ ಸಮೇತ.

"ಇದನ್ನ ಏನು ಮಾಡ್ಲಿ? ಎಸೆಯೋದಾ?"

"ನಿನ್ನಿಷ್ಟ ಕಣಪ್ಪ."

ಕಸದ ಬುಟ್ಟಿ ಅವನ ಕಾಲ ಬಳಿಯೇ ಇತ್ತು. ಅವನು ಡಬ್ಬಿ ಮುಚ್ಚಿ ಎದೆ ಜೇಬಿಗೆ ಇಟ್ಟುಕೊಂಡ.