ಪರೀಕ್ಷೆಗೆ ಬಿಟ್ಟ ಹಂದಿಮರಿಗಳು

ಕಳೆದ ಸೋಮವಾರ ಬೆಳಿಗ್ಗೆ ಶಿಗ್ಗಾವಿ ಬಸ್ ನಿಲ್ದಾಣದ ಪಕ್ಕದ ಗಟಾರದುದ್ದಕ್ಕೂ ಬ್ಲೀಚಿಂಗ್ ಪೌಡರ್ ಹಾಕಿದ್ದರು. ಹಾನಗಲ್ ಬಸ್ಸಿಗೆ ಕಾಯುತ್ತಿದ್ದವರು ಮೂಗು ಮುಚ್ಚಿಕೊಂಡು ದೂರ ಸರಿದರು. ನಾನು ಸರಿಯಲಿಲ್ಲ. ಆ ಘಾಟು ಬಂದಾಗಲೆಲ್ಲ ನನಗೆ ಒಬ್ಬ ಪಶುವೈದ್ಯರು ನೆನಪಾಗುತ್ತಾರೆ...

ಕೆಲವು ವರ್ಷಗಳ ಹಿಂದೆ ನಮ್ಮ ಭಾಗದಲ್ಲಿ ಆಫ್ರಿಕನ್ ಹಂದಿ ಜ್ವರ ಕಾಣಿಸಿಕೊಂಡಿತ್ತು. ಮನುಷ್ಯರಿಗೆ ಅಂಟದ, ಆದರೆ ಹಂದಿಗಳಿಗೆ ಮದ್ದಿಲ್ಲದ ರೋಗ ಅದು. ರೋಗ ಕಂಡ ಶೆಡ್ಡುಗಳ ಹಂದಿಗಳನ್ನೆಲ್ಲ ಕೊಂದು ಹೂಳಿದರು. ಅದನ್ನು ವರದಿ ಮಾಡಲು ನಾವು ಪತ್ರಕರ್ತರು ಗುಂಪಾಗಿ ಹೋಗಿದ್ದೆವು. ಆಮೇಲಿನ ಕೆಲಸ ಸುದ್ದಿಯಾಗಲಿಲ್ಲ. ಆ ಕೆಲಸ ಈ ವೈದ್ಯರದಾಗಿತ್ತು.

ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಖಾಲಿ ಶೆಡ್ಡುಗಳಲ್ಲಿ ವೈರಾಣು ಇನ್ನೂ ಉಳಿದಿದೆಯೇ ಎಂದು ಅವರು ನೋಡಬೇಕಿತ್ತು. ತೊಳೆದು, ಕೆಲವು ವಾರ ಖಾಲಿ ಬಿಟ್ಟ ಶೆಡ್ಡಿಗೆ ಎರಡು ಆರೋಗ್ಯವಂತ ಮರಿಗಳನ್ನು ಬಿಟ್ಟು ಕಾಯುತ್ತಿದ್ದರು. ಅವುಗಳ ರಕ್ತವನ್ನು ಪ್ರಯೋಗಾಲಯಕ್ಕೆ ಕಳಿಸುತ್ತಿದ್ದರು. ಮರಿಗಳು ಉಳಿದರೆ ಮನೆಯವರು ಮತ್ತೆ ಹಂದಿ ತರಬಹುದು. ಸತ್ತರೆ ಎಲ್ಲವೂ ಮೊದಲಿನಿಂದ.

ರೋಗ ಚಪ್ಪಲಿಯ ಕೆಸರಿನಲ್ಲೂ ಊರು ದಾಟುತ್ತದೆ ಎಂದು ಅವರು ದಿನಕ್ಕೆ ಒಂದೇ ಶೆಡ್ಡಿನೊಳಗೆ ಕಾಲಿಡುತ್ತಿದ್ದರು. ಹೋದಲ್ಲೆಲ್ಲ ಒಂದು ಜೊತೆ ರಬ್ಬರ್ ಚಪ್ಪಲಿ ಅಲ್ಲೇ ಬಿಟ್ಟು ಬರುತ್ತಿದ್ದರು. ಹುಲಗೂರಿನ ಚಹಾ ಅಂಗಡಿಯಲ್ಲಿ ಮುದುಕನೊಬ್ಬ ಅವರನ್ನು ಕೆಣಕಿದ: "ಏನ್ ಸಾಹೇಬ್ರ, ಊರಿಗೊಂದು ಮನಿ ಮುಂದ ಚಪ್ಪಲ್ ಬಿಟ್ಟೀರಂತ. ಮನ್ಯಾಗ ಅಕ್ಕಾರಿಗೆ ಗೊತ್ತೈತೇನ್ರಿ?"

"ಅಕೀನ ತಂದು ಕೊಡ್ತಾಳ್ರಿ," ಎಂದು ವೈದ್ಯರು ಚಹಾ ಕುಡಿದರು.

ತಿಳವಳ್ಳಿ ಹತ್ತಿರದ ಒಂದು ಶೆಡ್ಡಿಗೆ ಅವರ ಜೊತೆ ಹೋಗಿದ್ದೆ. ನನ್ನನ್ನು ಬೇಲಿಯ ಹೊರಗೇ ನಿಲ್ಲಿಸಿದರು. ಶೆಡ್ಡಿನ ಒಡತಿ ಗಂಡ ತೀರಿಕೊಂಡ ಮೇಲೆ ಹಂದಿ ಸಾಕಿಯೇ ಮನೆ ನಡೆಸಿದವಳು. ಹಂದಿಗಳು ಹೋದ ಮೇಲೆ ಕಂಡವರ ಗದ್ದೆಗೆ ಕೂಲಿಗೆ ಹೋಗುತ್ತಿದ್ದಳು. ಅಂದು ಕೂಲಿ ಬಿಟ್ಟು, ಶೆಡ್ಡಿನ ಬಾಗಿಲು ತೆರೆದು ಕಾಯುತ್ತಿದ್ದಳು. ಮರಿಗಳು ಗಾಡಿಯಲ್ಲಿದ್ದವು.

ಒಳಗಿನ ಸಿಮೆಂಟ್ ನೆಲವನ್ನೂ ಗೋಡೆಯ ಬುಡವನ್ನೂ ಆಕೆ ಸಗಣಿಯಿಂದ ಸಾರಿಸಿದ್ದಳು, ಸಾವಾದ ಮನೆಯನ್ನು ಶುದ್ಧ ಮಾಡುವ ಹಾಗೆ. ಬ್ಲೀಚಿಂಗ್ ಪೌಡರನ್ನು ಅದರ ಮೇಲೆ ಎರಚಿದ್ದಳು. ಸಗಣಿ ಆ ಪುಡಿಯ ಶಕ್ತಿಯನ್ನೇ ತಿಂದುಹಾಕುತ್ತದೆ, ಪುಡಿ ಕೆಳಗಿನ ಬಿರುಕುಗಳಿಗೆ ತಲುಪುವುದಿಲ್ಲ. ವೈದ್ಯರು ಇದನ್ನು ಆಕೆಗೆ ಬಿಡಿಸಿ ಹೇಳಿ, ಮರಿಗಳನ್ನು ವಾಪಸ್ ಕಳಿಸಿದರು.

"ಹೊಲಸಿದ್ದಾಗ ಹೊಲಸಂದ್ರಿ. ಸ್ವಚ್ಛ ಮಾಡಿದ್ರ ಇದೂ ನಡ್ಯಂಗಿಲ್ಲ ಅಂತೀರಿ," ಎಂದಳು ಆಕೆ. "ನಮ್ಮ ದೇವರ ಖೋಲೀನೂ ಇಷ್ಟ್ ಚಂದ ಸಾರಿಸಿಲ್ಲ ನಾ."

"ಅದ ಆಗಿದ್ದು ನೋಡ್ರಿ ಅಕ್ಕಾರ. ಹಂದಿಗೆ ದೇವರ ಖೋಲಿ ಮಾಡಿಟ್ಟೀರಿ."

ಆಕೆ ನಗಲಿಲ್ಲ. ವೈದ್ಯರು ಕೈಗಡಿಯಾರ ಬಿಚ್ಚಿ ಕಿಸೆಗೆ ಹಾಕಿಕೊಂಡು, ಸಲಿಕೆ ಕೇಳಿ ಪಡೆದು, ನೆಲ ಕೆರೆಯತೊಡಗಿದರು. ಸ್ವಲ್ಪ ಹೊತ್ತು ನೋಡುತ್ತ ನಿಂತಿದ್ದ ಆಕೆ, ಮೂಲೆ ಬಿಟ್ಟೀರಿ ಎಂದು ಬೈದು ಸಲಿಕೆ ಕಸಿದುಕೊಂಡಳು. ವೈದ್ಯರು ಬ್ರಷ್ ಹಿಡಿದರು. ಮಧ್ಯಾಹ್ನದವರೆಗೂ ಇಬ್ಬರೂ ಸೋಪಿನ ನೀರು ಹಾಕಿ ತಿಕ್ಕಿದರು. ಪೌಡರ್ ಕಲಸಿದ ನೀರು ಬಿದ್ದದ್ದು ಅದಾದ ಮೇಲೆ.

ಮತ್ತೆ ಕೆಲವು ವಾರ ಕಾದು ಮರಿಗಳನ್ನು ಬಿಟ್ಟರು. ಅವುಗಳಲ್ಲಿ ಒಂದು ಮೇವು ಬಿಟ್ಟು ಮೂಲೆ ಹಿಡಿಯಿತು. ವೈದ್ಯರು ರಕ್ತ ಕಳಿಸಿ, ವರದಿ ಬರುವವರೆಗೆ ಬೇರೆ ಯಾವ ಶೆಡ್ಡಿಗೂ ಹೋಗದೆ ದಿನವೂ ಅಲ್ಲಿಗೇ ಬಂದರು. ಆ ದಿನಗಳಲ್ಲೊಮ್ಮೆ ನಾನೂ ಹೋಗಿದ್ದೆ. ಆಕೆ ಊಟ ಬಿಟ್ಟವಳಂತೆ ಕಾಣುತ್ತಿದ್ದಳು.

"ನಿಮಗೇನ್ ಅನಸ್ತೈತಿ ಸಾಹೇಬ್ರ? ಅಷ್ಟರ ಹೇಳ್ರಿ."

"ನನಗ ಅನಿಸಿದ್ದು ಹೇಳಿದ್ರ ನೀವು ನಂಬ್ತೀರಿ ಅಕ್ಕಾರ. ಅದಕ್ಕ ಹೇಳಂಗಿಲ್ಲ."

ಸುದ್ದಿಮನೆಯಲ್ಲಿ ಇಷ್ಟು ವರ್ಷ ಕಳೆದಿದ್ದೇನೆ. ಈ ಮಾತನ್ನು ಇಷ್ಟು ನೇರವಾಗಿ ಹೇಳಿದ ಇನ್ನೊಬ್ಬರನ್ನು ಕಂಡಿಲ್ಲ.

ವರದಿಯಲ್ಲಿ ವೈರಾಣು ಇರಲಿಲ್ಲ. ಮರಿಗೆ ಹೊಟ್ಟೆ ಕೆಟ್ಟಿತ್ತು, ಅಷ್ಟೇ. ಆಕೆ ಮತ್ತೆ ಹಂದಿ ತಂದಳು.

ವೈದ್ಯರು ಕಳೆದ ಮಳೆಗಾಲದಲ್ಲಿ, ಇನ್ನೂ ಸೇವೆಯಲ್ಲಿರುವಾಗಲೇ, ಹೃದಯಾಘಾತದಿಂದ ತೀರಿಕೊಂಡರು. ನಾಲ್ಕೂ ತಾಲ್ಲೂಕುಗಳ ಹಂದಿ ಸಾಕುವವರು ಮಣ್ಣಿಗೆ ಬಂದಿದ್ದರು. ವೈದ್ಯರ ಮುಖ ಈಗಲೂ ಸ್ಪಷ್ಟವಾಗಿ ಕಾಣುತ್ತದೆ. ದನಿ ಮಾತ್ರ ಸ್ವಲ್ಪ ಸ್ವಲ್ಪವೇ ಜಾರುತ್ತಿದೆ...

ಸೋಮವಾರ ಬಸ್ ಹತ್ತಿದ ಮೇಲೆ ತಿಳವಳ್ಳಿ ಹತ್ತಿರದ ಆ ಶೆಡ್ಡಿನ ಒಡತಿಗೆ ಫೋನ್ ಮಾಡಿದೆ. ಒಂದು ಹಂದಿ ಹಿಂದಿನ ದಿನದಿಂದ ಮೇವು ಮುಟ್ಟಿಲ್ಲ ಎಂದಳು. ಸುದ್ದಿ ತಿಳಿದ ವ್ಯಾಪಾರಿಯೊಬ್ಬ ರೋಗ ಖಚಿತವಾಗುವ ಮೊದಲೇ ಎಲ್ಲವನ್ನೂ ಕೊಂಡು ಅಂದೇ ಸಾಗಿಸುತ್ತೇನೆ ಎಂದು ಗಾಡಿ ತಂದಿದ್ದನಂತೆ. ಆಕೆ ಕೊಡಲಿಲ್ಲ. ಹೊಸ ವೈದ್ಯರನ್ನು ತಾನೇ ಕರೆಸಿ ಹಂದಿಯ ರಕ್ತವನ್ನು ಪರೀಕ್ಷೆಗೆ ಕೊಟ್ಟಿದ್ದಾಳೆ. ಇದನ್ನು ಬರೆಯುವ ಹೊತ್ತಿಗೆ ವರದಿ ಬಂದಿಲ್ಲ.