ಮೊದಲ ಬೆಡ್ಡಿನ ಪಟ್ಟಿ

ಮೊನ್ನೆ ಟ್ರಂಕಿನ ತಳದಿಂದ ಹಳೇ ಜರ್ಕಿನ್ ತೆಗೆದು ಒಗೆಯಲು ಕೂತೆ. ಗುಲಾಬಿ ಫಾರ್ಮಿನ ಕೋಲ್ಡ್ ರೂಮಿಗೆ ಹೋಗುವಾಗ ಹಾಕಿಕೊಳ್ಳುತ್ತಿದ್ದ ಜರ್ಕಿನ್ ಅದು. ಜೇಬಿನ ಒಳಬಟ್ಟೆ ಹರಿದಿತ್ತು. ಕೈಯನ್ನು ಇನ್ನೂ ಒಳಗೆ ತೂರಿಸಿದರೆ ಒಂದು ಪ್ಲಾಸ್ಟಿಕ್ ಪಟ್ಟಿ ಸಿಕ್ಕಿತು, ಹೂವಿನ ಬೆಡ್ಡಿನ ತಲೆಗೆ ಚುಚ್ಚುವಂಥದು. ಕಳೆದೇ ಹೋಯಿತು ಅಂತ ನಾನು ಬಿಟ್ಟಿದ್ದ ಪಟ್ಟಿ. ಮೂಗಿಗೆ ಹಿಡಿದರೆ ಈಗಲೂ ಪಾಲಿಹೌಸಿನಲ್ಲಿ ಗಿಡದ ಬೂದಿರೋಗಕ್ಕೆ ಸುಡುತ್ತಿದ್ದ ಗಂಧಕದ ವಾಸನೆ. ಮೇಲೆ ದಪ್ಪ ಅಕ್ಷರದಲ್ಲಿ 'ವೊಯ್' ಎಂದು ಬರೆದಿತ್ತು. ನಮ್ಮನೆಯವರು ಇಣುಕಿ ನೋಡಿ, "ಏನೇ ಇದು, ಔಷಧಿ ಹೆಸ್ರಾ?" ಅಂದರು. ಅಲ್ಲ ಅಂದೆ.

ಆ ಅಕ್ಷರ ನಮ್ಮ ಮೇಸ್ತ್ರಿಯವರದು. ದೊಡ್ಡಬಳ್ಳಾಪುರದಿಂದ ಸಾಸಲಿನ ಕಡೆ ಹೋಗುವ ದಾರಿಯಲ್ಲಿತ್ತು ಆ ಫಾರ್ಮ್. ನಾನು ಗ್ರೇಡಿಂಗ್ ಹಾಲಿನಲ್ಲಿ ಹೂವಿನ ಬಾಕ್ಸುಗಳಿಗೆ ಚೀಟಿ ಅಂಟಿಸುವವಳು. ಅವರು ನಾಲ್ಕನೇ ಪಾಲಿಹೌಸಿಗೆ ಮೇಸ್ತ್ರಿ. ಅಲ್ಲಿನ ಕೆಂಪು ಗುಲಾಬಿ ಗಿಡಗಳನ್ನೆಲ್ಲ ತಾವೇ ಮುಂದೆ ನಿಂತು ನೆಡಿಸಿದ್ದರು. ಎಂಟು ಜನ ಹೆಂಗಸರು ಅವರ ಕೈಕೆಳಗೆ. ಬೈಯುವುದರಲ್ಲಿ ಧಾರಾಳಿ. ಊಟಕ್ಕೆ ಕೂತರೆ ಮಾತ್ರ ತಮ್ಮ ಡಬ್ಬಿಯ ಹುರುಳಿಕಾಳು ಸಾರನ್ನು ಎಲ್ಲರ ಮುದ್ದೆಗೂ ಸುರಿದು, ತಾವು ಬರೀ ಉಪ್ಪಿನಕಾಯಿಯಲ್ಲಿ ಉಣ್ಣುತ್ತಿದ್ದರು. ಇಂಥವರನ್ನು ಹೇಗೆ ತಾನೇ ದ್ವೇಷಿಸುವುದು?

ವರ್ಷಕ್ಕೊಮ್ಮೆ ಕೊಲಂಬಿಯಾದಿಂದ ಒಬ್ಬ ಗುಲಾಬಿ ತಜ್ಞ ಬರುತ್ತಿದ್ದ. ಅವನ ಮಾತು ಸ್ಪ್ಯಾನಿಷ್, ಇಂಗ್ಲಿಷು ಅರೆಬರೆ. ಯಾವ ಗಿಡ ಇರಬೇಕು, ಯಾವುದು ಹೋಗಬೇಕು ಅನ್ನುವುದು ಅವನ ಬಾಯಲ್ಲಿ ಬಂದರೆ ಮುಗಿಯಿತು. ಆ ವರ್ಷ ನಾಲ್ಕನೇ ಪಾಲಿಹೌಸಿನ ಗಿಡಗಳಿಗೆ ವಯಸ್ಸಾಯಿತು, ಅವನು ಬಂದ ಮೇಲೆ ಕೀಳಿಸೋಣ ಅಂತ ಮ್ಯಾನೇಜರು ಹೇಳಿದ್ದರು. ಮೇಸ್ತ್ರಿಯವರ ಲೆಕ್ಕಾಚಾರ ಬೇರೆ. ಗಿಡವನ್ನು ಮೊಣಕಾಲೆತ್ತರಕ್ಕೆ ಸವರಿ, ಸಣ್ಣ ಕಡ್ಡಿಗಳನ್ನು ಬಗ್ಗಿಸಿದರೆ ಬುಡದಿಂದ ಚಿಗುರು ಬಂದು ಇನ್ನೆರಡು ವರ್ಷ ಹೂ ಕೊಡುತ್ತದೆ ಅನ್ನುವುದು. ಗಿಡ ಹೋದರೆ ಎಂಟು ಹೆಂಗಸರ ಕೆಲಸವೂ ಹೋಗುತ್ತಿತ್ತು. ಮ್ಯಾನೇಜರಿಗೆ ಹೇಳಿದರೆ, ಅದು ತಜ್ಞನ ಕಿವಿ ಮುಟ್ಟುವಷ್ಟರಲ್ಲಿ "ಎಸ್ ಸಾರ್" ಆಗಿರುತ್ತಿತ್ತು.

ನಾನು ಫೋನಿನಲ್ಲಿ ಸ್ಪ್ಯಾನಿಷ್ ಕಲಿಯುವುದು ಅವರಿಗೆ ಗೊತ್ತಿತ್ತು. ಒಂದು ದಿನ ಬಂದು, "ನಂಗೂ ಎರಡು ಮಾತು ಕಲ್ಸವ್ವಾ. ಆವಯ್ಯಂಗೆ ನಾನೇ ಹೇಳ್ತೀನಿ" ಅಂದರು.

ಬೇಕಾಗಿದ್ದದ್ದು ನಿಜಕ್ಕೂ ಎರಡೇ ಮಾತು. ಈ ಗಿಡಗಳು ಹೂ ಕೊಡುತ್ತವೆ, ನಾನು ನೋಡಿಕೊಳ್ಳುತ್ತೇನೆ. ಆದರೆ ಮುಂದೆ ಆಗುವ ಕೆಲಸವನ್ನು ಹೇಳಲು ಆ ಜನ 'ಹೋಗು' ಅನ್ನುವ ಕ್ರಿಯಾಪದವನ್ನೇ ಮುಂದಿಟ್ಟುಕೊಂಡು ಮಾತಾಡುತ್ತಾರೆ. ಅದೋ ಹೇಳಿದ ಮಾತು ಕೇಳದ ಕ್ರಿಯಾಪದ. ಮೂಲದಲ್ಲಿ 'ಈರ್'. ನಾನು, ನೀನು, ಅವನು, ನಾವು, ಅವರು ಅಂತ ಹೊರಟರೆ ವೊಯ್, ವಾಸ್, ವಾ, ವಾಮೋಸ್, ವಾನ್. ಮೇಸ್ತ್ರಿಯವರು ತಲೆ ಕೆರೆದುಕೊಂಡು, "ಇದೇನವ್ವಾ, ಅಪ್ಪನ್ನ ಹೋಲೋ ಮಗ ಒಬ್ಬನೂ ಇಲ್ವಲ್ಲ" ಅಂದರು.

ಕಾಗದದಲ್ಲಿ ಬರೆದುಕೊಟ್ಟೆ, ತಲೆಗೆ ಹತ್ತಲಿಲ್ಲ. ಕೊನೆಗೆ ಅವರೇ ದಾರಿ ಕಂಡುಕೊಂಡರು. ಐದು ಬೆಡ್ಡಿಗೆ ಐದು ರೂಪ. ತಳಿಯ ಹೆಸರು ಬರೆಯುವ ಪಟ್ಟಿಗಳ ಮೇಲೆ ಕನ್ನಡದಲ್ಲಿ ಬರೆದು ಚುಚ್ಚಿದರು. ಬೆಳಿಗ್ಗೆ ಹೂ ಕತ್ತರಿಸುತ್ತಾ, ಬೆಡ್ಡಿನಿಂದ ಬೆಡ್ಡಿಗೆ ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸುತ್ತಾ ಹೋಗುತ್ತಿದ್ದರು. ಕೇಳಿ ಕೇಳಿ ಹೆಂಗಸರಿಗೂ ಬಾಯಿಪಾಠವಾಯಿತು. "ವಾಮೋಸ್ ಕಣ್ರೇ, ಊಟದ ಹೊತ್ತಾಯ್ತು" ಅಂತ ಏಳುತ್ತಿದ್ದರು.

ಆದರೆ 'ವೊಯ್' ಇರಬೇಕಾದ ಮೊದಲ ಬೆಡ್ಡಿಗೆ ಪಟ್ಟಿಯೇ ಇಲ್ಲ. ಒಪ್ಪಿಸುವುದೂ ಎರಡನೆಯದರಿಂದ. ಮೂರು ದಿನ ನೋಡಿ ನನಗೆ ರೇಗಿಹೋಯಿತು. ಕೇಳಿದರೆ, "ನಾನು ಹೋಗ್ತೀನಿ ಅಂತ ಬಾಯ್ಬಿಟ್ಟು ಅನ್ನಲ್ಲ ಕಣವ್ವಾ. ಹೊರಟೋರು ಬರ್ತೀನಿ ಅನ್ಬೇಕು. ನಮ್ಮಪ್ಪ ಒಂದಿನ ಸಿಟ್ಟಲ್ಲಿ ಹೋಗ್ತೀನಿ ಅಂದು ಹೋದೋನು..." ಅಂದು ಕತ್ತರಿಯನ್ನು ಒರೆಸತೊಡಗಿದರು. ಕೊಲಂಬಿಯಾದ ಮಾತಿಗೆ ನಮ್ಮೂರ ಶಕುನ ಎಲ್ಲಿಯದು ಮೇಸ್ತ್ರೀ ಅಂತ ನಾನು ಜಗಳಕ್ಕೆ ನಿಂತೆ.

"ಬಾಯಿ ನಂದೇ ಅಲ್ವಾ" ಅಂದರು.

ತಜ್ಞ ಬಂದ. ಮ್ಯಾನೇಜರು ಅದೂ ಇದೂ ಹೇಳುತ್ತಿರುವಾಗಲೇ ಮೇಸ್ತ್ರಿಯವರು ಟೋಪಿ ತೆಗೆದು ಮುಂದೆ ಬಂದರು. ಗಿಡಗಳನ್ನು ತೋರಿಸಿ, "ವಾನ್ ಆ ದಾರ್ ಫ್ಲೋರೆಸ್" ಅಂದರು. ಹೂ ಕೊಡುತ್ತವೆ ಅಂತ. ತಜ್ಞ ಕಣ್ಣರಳಿಸಿದ. ಕೂತು ಒಂದು ಗಿಡದ ಬುಡ ನೋಡಿದ. ಎದ್ದವನು, ಯಾರು ನೋಡಿಕೊಳ್ಳುತ್ತಾರೆ ಅಂತ ನಿಧಾನವಾಗಿ ಕೇಳಿದ. ಕಲಿತ ಮಾತೇ ಅದರಲ್ಲಿದ್ದುದರಿಂದ ಮೇಸ್ತ್ರಿಯವರಿಗೆ ತಿಳಿಯಿತು. ನನ್ನ ಕಡೆ ನೋಡಿದರು. ಹೆಂಗಸರೆಲ್ಲ ಕತ್ತರಿ ಹಿಡಿದು ನಿಂತಿದ್ದರು. ಇವರು ಹೇಳುವುದಿಲ್ಲ ಅಂತಲೇ ಅಂದುಕೊಂಡೆ.

ಅವರು ಚಪ್ಪಲಿ ಬಿಟ್ಟರು. ಬರಿಗಾಲಲ್ಲಿ ಮೊದಲ ಬೆಡ್ಡಿನ ಪಕ್ಕ ನಿಂತು, "ವೊಯ್ ಆ ಕುಯಿದಾರ್" ಅಂದರು. ನಾನು ನೋಡಿಕೊಳ್ಳುತ್ತೇನೆ. ಅಂದ ಕೂಡಲೇ ಕೆನ್ನೆ ಕೆನ್ನೆ ಬಡಿದುಕೊಂಡು ಬಾಯೊಳಗೇ, "ಬರ್ತೀನಿ, ಬರ್ತೀನಿ" ಅಂದುಕೊಂಡರು. ತಜ್ಞನಿಗೆ ಏನು ಅರ್ಥವಾಯಿತೋ, ಅವರ ಎರಡೂ ಕೈ ಹಿಡಿದುಕೊಂಡ. ನನಗೆ ನಗುವೂ ಬಂತು, ಅಳುವೂ ಬಂತು. ಗಿಡಗಳು ಉಳಿದವು.

ಹೇಳಿದ ಹಾಗೆ ಎರಡು ವರ್ಷ ಹೂ ಕೊಟ್ಟವು. ಮೂರನೇ ವರ್ಷ, ಇನ್ನು ಸಾಕು ಕೀಳಿಸಿ ಅಂತ ಮೇಸ್ತ್ರಿಯವರೇ ಹೇಳಿದರು. ಎಂಟೂ ಹೆಂಗಸರನ್ನು ಹೊಸ ಪಾಲಿಹೌಸಿಗೆ ಸೇರಿಸುವವರೆಗೂ ಮ್ಯಾನೇಜರ ಬೆನ್ನು ಬಿಡಲಿಲ್ಲ. ತಾವು ಕೆಲಸ ಬಿಟ್ಟರು. ಉಸಿರಾಟದ ತೊಂದರೆ ಜೋರಾಗಿತ್ತಂತೆ, ಯಾರಿಗೂ ಹೇಳಿರಲಿಲ್ಲ.

ದಿನಾ ಸಂಜೆ ಗ್ರೇಡಿಂಗ್ ಹಾಲಿನ ಬಾಗಿಲಲ್ಲಿ ನಿಂತು "ಬರ್ತೀನವ್ವಾ" ಅಂದೇ ಅವರು ಹೊರಡುತ್ತಿದ್ದುದು. ಕೊನೆಯ ಸಂಜೆ ಒಳಗೇ ಬಂದರು. ನನ್ನ ಜರ್ಕಿನ್ನಿನ ಜೇಬಿಗೆ ಮೊದಲ ಬೆಡ್ಡಿಗೆಂದು ಕೊನೆಗೂ ಬರೆದಿದ್ದ ಈ ಪಟ್ಟಿ ಹಾಕಿ, ತಲೆ ಮೇಲೆ ಕೈಯಿಟ್ಟು, "ವೊಯ್" ಅಂದರು. ತಮಾಷೆ ಅಂದುಕೊಂಡೆ ನಾನು, ದಡ್ಡಿ. "ಮೇಸ್ತ್ರೀ, ಬರ್ತೀನಿ ಅನ್ನಿ" ಅಂತ ನಗುತ್ತಲೇ ಕೂಗಿದೆ. ತಿರುಗದೆ ಕೈ ಎತ್ತಿ ಆಡಿಸಿದರು.

ನಾಲ್ಕು ತಿಂಗಳಿಗೆ ಸುದ್ದಿ ಬಂತು, ಮೇಸ್ತ್ರಿಯವರು ಹೋಗಿಬಿಟ್ಟರು ಅಂತ...

ಜರ್ಕಿನ್ ಒಗೆದು ಹಾಕಿದ್ದೇನೆ. ಪಟ್ಟಿಯನ್ನು ನೀರಿಗೆ ತಾಗಿಸಲಿಲ್ಲ, ಆ ವಾಸನೆಯಾದರೂ ಇರಲಿ. ಅವತ್ತು ಯಾಕೆ ಹಾಗಂದರು ಅಂತ ಆಗ ಹೊಳೆಯಲೇ ಇಲ್ಲ. ಬರ್ತೀನಿ ಅಂತ ಹೇಳಿ ಬಾರದೇ ಇರುವ ಮನುಷ್ಯ ಅಲ್ಲ ಅವರು.