ಕಂಟಿ ಕಿತ್ತು ಕಂಟಿ ಮಾರಿದವನು

ನಿವೃತ್ತಿಯಾದ ವರ್ಷವೇ ನನ್ನ ಬಲಮಂಡಿ ಕೈಕೊಟ್ಟಿತು. ಕೆಂಭಾವಿಯ ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನಿಂತುಕೊಂಡೇ ಜೀವಶಾಸ್ತ್ರ ಹೇಳಿಕೊಟ್ಟ ಮಂಡಿ ಅದು. ಶಹಾಪುರದಲ್ಲಿ ಗುಡ್ಡದ ಬುಡಕ್ಕೆ ನಾನು ಕಟ್ಟಿಸಿಕೊಂಡ ಮನೆಯ ಮುಂದೆ ಸಾಕಷ್ಟು ಖುಲ್ಲಾ ಜಾಗವಿತ್ತು. ಬಿಂದಿಗೆ ಹೊತ್ತು ನೀರು ಹಾಕುವುದು, ಬಗ್ಗಿ ಕಸ ಕೀಳುವುದು ಇನ್ನು ನನ್ನಿಂದಾಗದು. ಆದ್ದರಿಂದ ಈ ನೆಲದ ಗಿಡಗಳನ್ನೇ ಹಾಕಿಸಬೇಕು, ಹಾಕಿ ಮರೆತುಬಿಡುವಂತಿರಬೇಕು ಎಂದು ನಿರ್ಧರಿಸಿದೆ. ಇಷ್ಟರವರೆಗೆ ಸರಿಯಿತ್ತು. ಅದಕ್ಕೊಬ್ಬ ತಜ್ಞ ಬೇಕು ಎಂದುಕೊಂಡದ್ದು ನನ್ನ ದಡ್ಡತನ.

ತಜ್ಞ ಯಾದಗಿರಿಯಿಂದ ಬಂದ. ಕಾರಿನ ಬಾಗಿಲ ಮೇಲೆ ಹಸಿರು ಎಲೆಯ ಚಿತ್ರ, ಕಾಲಲ್ಲಿ ಬಿಳಿ ಶೂ. ಶೂ ಹೊಲಸಾಗುತ್ತದೆಂದು ಮಣ್ಣಿಗೆ ಕಾಲಿಡಲೇ ಇಲ್ಲ. ಬಾಗಿಲ ಮುಂದಿನ ಫರ್ಸಿ ಕಲ್ಲಿನ ಮೇಲೆ ನಿಂತು ಟ್ಯಾಬಿನಲ್ಲಿ ಚಿತ್ರ ತೋರಿಸಿದ. ಚಿತ್ರದಲ್ಲಿ ನನ್ನದೇ ಮನೆ, ಅದರ ಮುಂದೆ ಯಾರೋ ಬಿಳಿ ಹೆಂಗಸು ನಾಯಿಯ ಪಕ್ಕ ಕುಳಿತು ಕಾಫಿ ಕುಡಿಯುತ್ತಿದ್ದಳು. ಮಾತಿಗೊಮ್ಮೆ ‘ನೇಟಿವ್’ ಅನ್ನುತ್ತಿದ್ದ, ಉಳಿದಾಗ ‘ಲೋ ಮೇಂಟೆನೆನ್ಸ್’. ಯಾವ ಯಾವ ಗಿಡ ಎಂದು ಕೇಳಿದರೆ ಎಲ್ಲ ಸಿಸ್ಟಂನಲ್ಲಿವೆ ಎಂದ.

ಕಂಪೌಂಡಿನ ಬದಿಗೆ ತಾವಾಗಿಯೇ ಬೆಳೆದ ನಾಲ್ಕೈದು ತಂಗಡಿ ಕಂಟಿಗಳಿದ್ದವು, ಪುಸ್ತಕದಲ್ಲಿ ಆವರಿಕೆ ಎನ್ನುತ್ತಾರಲ್ಲ ಅದೇ. ಹಳದಿ ಹೂವು ಬಿಟ್ಟಿದ್ದವು. ಅವನ್ನು ತೋರಿಸಿ, ಇದೇನು ಗೊತ್ತೇ ಎಂದು ಕೇಳಿದೆ.

“ಅದು ಕಸ ರೀ ಮೇಡಂ. ಮೊದಲ ಅದನ್ನ ತೆಗೀಬೇಕು.”

ಎಂಟನೇ ಇಯತ್ತೆಯ ಹುಡುಗಿ ಹೀಗೆ ಉತ್ತರ ಕೊಟ್ಟಿದ್ದರೆ ಇಡೀ ಪಿರಿಯಡ್ಡು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಇವನನ್ನು ಮಾತ್ರ ಸುಮ್ಮನೆ ನೋಡಿದೆ. ಅವನನ್ನು ನಾನು ಎಷ್ಟು ತಿರಸ್ಕರಿಸಿದರೂ, ಆ ಕ್ಷಣದ ನನ್ನ ಮೌನಕ್ಕೆ ಅದಕ್ಕಿಂತ ಒಂದು ಪಾಲು ಹೆಚ್ಚಿನ ತಿರಸ್ಕಾರವೇ ಸಲ್ಲಬೇಕು.

ಮರುವಾರ ಜೆಸಿಬಿ ಬಂತು. ತಂಗಡಿ, ಬಾರಿಹಣ್ಣಿನ, ಅಂದರೆ ಬೋರೆಯ, ಎರಡು ಗಿಡ, ಒಂದು ಕವಳಿಹಣ್ಣಿನ ಕಂಟಿ, ಪಾತರಗಿತ್ತಿ ಮುತ್ತುತ್ತಿದ್ದ ತುಂಬೆ, ಎಲ್ಲವನ್ನೂ ಒಂದೇ ಮುಂಜಾನೆ ಕೆರೆದು ಹಾಕಿತು. ಬೋಳಾದ ನೆಲಕ್ಕೆ ಕರಿ ಪ್ಲಾಸ್ಟಿಕ್ ಹಾಳೆ ಹಾಸಿ, ಮೇಲೆ ಬಿಳಿ ಉರುಟುಗಲ್ಲು ಸುರಿಸಿದರು. ಹಾಳೆಯಲ್ಲಿ ಅಲ್ಲಲ್ಲಿ ತೂತು ಕೊರೆದು ಗಿಡ ನೆಟ್ಟರು. ನೋಡಿದೆ: ಒಂದು ಮೆಕ್ಸಿಕೋದ್ದು, ಇನ್ನೊಂದು ಬ್ರೆಜಿಲ್ಲಿನದು, ನಟ್ಟನಡುವಿನ ತಾಳೆ ಮಡಗಾಸ್ಕರಿನದು. ಇವು ನೇಟಿವ್ ಹೇಗಾದವು ಎಂದು ಕೇಳಿದ್ದಕ್ಕೆ, ಎಲ್ಲ ಆಂಧ್ರದ ನರ್ಸರಿಯಿಂದಲೇ ತಂದದ್ದು, ಹೊರದೇಶದ್ದು ಒಂದೂ ಇಲ್ಲ ಎಂದು ಧೈರ್ಯ ಹೇಳಿದ.

ಕಲ್ಲು ಹರಡಲು ಬಂದ ಕೂಲಿಯವರಲ್ಲಿ ವನದುರ್ಗದ ಒಬ್ಬ ಹೆಂಗಸಿದ್ದಳು, ಹೆಚ್ಚುಕಡಿಮೆ ನನ್ನ ವಯಸ್ಸಿನವಳು. ಬುಟ್ಟಿ ಇಳಿಸಿ ನನ್ನ ಹತ್ತಿರ ಬಂದು, “ಅಕ್ಕೋರೆ, ಬ್ಯಾಸಿಗ್ಯಾಗ ಈ ಕಲ್ಲು ಕಾದ್ರ ಮನಿಯೆಲ್ಲ ಹಂಚಾಗ್ತದ ನೋಡ್ರಿ,” ಎಂದಳು. ಗಿರಾಕಿಗಳ ಜೊತೆ ಮಾತಾಡುವುದು ನಿನ್ನ ಕೆಲಸವಲ್ಲ ಎಂದು ಅವನು ಫರ್ಸಿಯ ಮೇಲಿಂದಲೇ ಗದರಿಸಿದ. ಅವಳು ಬುಟ್ಟಿ ಎತ್ತಿಕೊಂಡು ಕಲ್ಲಿನ ರಾಶಿಯತ್ತ ಹೋದಳು.

ಮಾರ್ಚ್ ಮುಗಿಯುವ ಮೊದಲೇ ಅವಳು ಹೇಳಿದ್ದು ನಿಜವಾಯಿತು. ಕಲ್ಲಿನ ಝಳ ಕಿಟಕಿಯಿಂದ ಒಳಗೆ ನುಗ್ಗಿತು. ಹಗಲು ಪರದೆ ಸರಿಸಿದರೆ ಕಣ್ಣು ಕುಕ್ಕುತ್ತಿತ್ತು. ಗಿಡಗಳು ತುದಿಯಿಂದ ಸುಡತೊಡಗಿದವು. ಫೋನಿನಲ್ಲಿ ಕಡೆಗೂ ಸಿಕ್ಕ ತಜ್ಞ, ಸೆಟ್ ಆಗುವವರೆಗೆ, ಅಂದರೆ ಎರಡು ವರ್ಷ, ದಿನಕ್ಕೆರಡು ಹೊತ್ತು ನೀರು ಹಾಕಬೇಕು, ಆಮೇಲೆ ಏನೂ ತ್ರಾಸಿಲ್ಲ ಎಂದ. ಒಂದು ತಿಂಗಳು ಕುಂಟುತ್ತ ನೀರು ಹಾಕಿದೆ. ಮಡಗಾಸ್ಕರಿನ ತಾಳೆ ಅದಕ್ಕೂ ಕರಗದೆ ಒಣಗಿ ಪೊರಕೆಯಾಯಿತು.

ಮೇ ತಿಂಗಳಲ್ಲಿ ಅವನೇ ಬಂದ, ಸತ್ತ ಗಿಡಗಳ ಬದಲಿಗೆ ಬೇರೆ ಗಿಡ ತಂದಿದ್ದೇನೆಂದು. ಕಾರಿನ ಡಿಕ್ಕಿ ತೆಗೆದು ಪ್ಲಾಸ್ಟಿಕ್ ಕುಂಡಗಳನ್ನು ಸಾಲಾಗಿ ಇಳಿಸಿದ. ಒಂದೊಂದಕ್ಕೂ ‘ಗೋಲ್ಡನ್ ನೇಟಿವ್’ ಎಂಬ ಚೀಟಿ. ಕುಂಡದಲ್ಲಿದ್ದದ್ದು ತಂಗಡಿ.

“ಭಾಳ ಅಪರೂಪದ್ದು ರೀ ಮೇಡಂ. ನೀರು ಬ್ಯಾಡ, ಗೊಬ್ಬರ ಬ್ಯಾಡ.”

“ನೀವು ಜೆಸಿಬಿ ಹಚ್ಚಿ ಕಿತ್ತು ಒಗೆದದ್ದು ಇದನ್ನ.”

ನಾಚಿಕೊಳ್ಳಬಹುದೆಂದು ಕಾದೆ. ಅವನು ಕುಂಡವನ್ನೊಮ್ಮೆ ತಿರುಗಿಸಿ ನೋಡಿದ. “ಅದು ತಾನಾ ಹುಟ್ಟಿದ್ದು ರೀ. ಇದು ನರ್ಸರಿದು.”

ಕುಂಡಗಳನ್ನು ಮತ್ತೆ ಡಿಕ್ಕಿಗೆ ಏರಿಸಿಕೊಂಡು ಹೋಗಲು ಹೇಳಿದೆ. ಹೋಗುವಾಗ, ಓದಿದವರಿಗೆ ತಿಳಿಸುವುದು ಕಷ್ಟ ಎಂದು ಗೊಣಗಿದ್ದು ಕೇಳಿಸಿತು. ಆ ಮಾತೊಂದನ್ನು ಮಾತ್ರ ಒಪ್ಪಿಕೊಂಡೆ.

ಮರುದಿನ ಬಸ್ಸು ಹತ್ತಿ ವನದುರ್ಗಕ್ಕೆ ಹೋದೆ. ಕಲ್ಲು ಕಾಯುತ್ತದೆಂದು ಎಚ್ಚರಿಸಿದ್ದ ಆ ಕೂಲಿ ಹೆಂಗಸಿನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅವಳು ನಾದಿನಿಯನ್ನು ಕರೆದುಕೊಂಡು ಬಂದು ಮೂರು ದಿನ ಕಲ್ಲು ತೆಗೆದಳು, ಪ್ಲಾಸ್ಟಿಕ್ ಸುತ್ತಿ ಹೊರಗೆಸೆದಳು. ಕೆಳಗಿನ ಮಣ್ಣು ಬಿಗಿದು ನಾರುತ್ತಿತ್ತು. ಅದನ್ನು ಸಡಿಲಿಸಿ, ಮಳೆನೀರು ನಿಲ್ಲಲಿ ಎಂದು ಅಡ್ಡಕ್ಕೆ ಸಣ್ಣ ಸಣ್ಣ ಬದು ಹಾಕಿದಳು. ಸೆರಗಿನ ಗಂಟಿನಲ್ಲಿ ತಂಗಡಿಯ ಒಣಕಾಯಿ, ಬಾರಿ ಬೀಜ ತಂದಿದ್ದಳು. ಎಲ್ಲ ಚೆಲ್ಲಿ ಕೈ ಝಾಡಿಸಿಕೊಂಡ ಮೇಲೆ ನನ್ನ ಪಕ್ಕ ಕುಳಿತು ಕೇಳಿದಳು:

“ಇಷ್ಟು ಓದೀರಿ ಅಕ್ಕೋರೆ, ಅವನಿಗ್ಯಾಕ ಕೇಳಾಕ ಹೋದ್ರಿ?”

ಅವನ ಟ್ಯಾಬು, ಕಾರು, ಇಂಗ್ಲಿಷು ನೋಡಿ ಎಂದು ಹೇಳುವ ಬದಲು ಚಹಾ ಮಾಡಲು ಎದ್ದೆ.

ಎರಡು ಮಳೆಗಾಲ ಕಳೆದವು. ಈಗ ಅಲ್ಲಿ ಸೊಂಟದೆತ್ತರ ತಂಗಡಿಯಿದೆ, ಬಾರಿ ಚಿಗುರಿದೆ, ತುಂಬೆ ಯಾರನ್ನೂ ಕೇಳದೆ ಹಿಂತಿರುಗಿದೆ. ನಾನು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂರುವುದೊಂದೇ ಕೆಲಸ. ಹದಿನೈದು ದಿನಕ್ಕೊಮ್ಮೆ ಅವಳು ಬಂದು ಅಲ್ಲಿ ಇಲ್ಲಿ ಒಂದಿಷ್ಟು ಸವರಿ ಹೋಗುತ್ತಾಳೆ.

ಹೋದ ತಿಂಗಳು ಸುರಪುರದಿಂದ ಗಂಡಹೆಂಡತಿ ಬಂದರು. ಫೋನು ತೆಗೆದು ನನ್ನದೇ ಅಂಗಳದ ಫೋಟೋ ತೋರಿಸಿದರು. ಆ ಯಾದಗಿರಿಯವನು ಕಂಪೌಂಡಿನ ಹೊರಗಿನಿಂದ ಫೋಟೋ ಹೊಡೆದು, ತಾನೇ ಮಾಡಿದ ಕೆಲಸವೆಂದು ಫೇಸ್‌ಬುಕ್ಕಿನಲ್ಲಿ ಹಾಕಿಕೊಂಡಿದ್ದ; ಅವನಿಗೆ ಕೆಲಸ ಕೊಡುವ ಮೊದಲು ಕಣ್ಣಾರೆ ನೋಡಲು ಬಂದಿದ್ದರು. ನಡೆದದ್ದನ್ನೆಲ್ಲ ಅವರಿಗೆ ಹೇಳಿದೆ. ವನದುರ್ಗದವಳೂ ಅಂದು ಅಲ್ಲೇ ಇದ್ದಳು, ಕರೆದು ತೋರಿಸಿದೆ. ಬಂದು ನೆಲ ನೋಡಿ ಹೇಳುತ್ತೇನೆ ಎಂದಳು. ಗಂಡ ಅವಳನ್ನು ಕಾಲಿನಿಂದ ತಲೆಯವರೆಗೆ ನೋಡಿ, ಪ್ಲಾನು ಬರೆದು ಕೊಡುತ್ತಾಳೆಯೇ ಎಂದು ನನ್ನನ್ನು ಕೇಳಿದ. ಹೆಂಡತಿ ಹೂವಿನ ಮುಂದೆ ನಿಂತು ತನ್ನದೊಂದು ಫೋಟೋ ತೆಗೆಸಿಕೊಂಡಳು. ಚಹಾ ಕುಡಿದು ಹೋದರು.

ಹದಿನೈದು ದಿನದ ಮೇಲೆ, ಈ ವಾರ ಬರುವುದಿಲ್ಲ ಎಂದು ಹೇಳಲು ಅವಳು ಬಂದಳು. ಸುರಪುರದಲ್ಲಿ ಕೂಲಿ ಹತ್ತಿದೆಯಂತೆ. ಕೆಲಸ ಹಿಡಿದವನು ಆ ಯಾದಗಿರಿಯವನೇ. ಮನೆ ಆ ಗಂಡಹೆಂಡತಿಯದೇ. ನನಗೆ ಅವಳ ಮೇಲೂ ಸಿಟ್ಟು ಬಂತು. ನಿನಗೆ ಮಾನ ಇಲ್ಲವೇನು ಎಂದು ಕೇಳಿಯೂ ಬಿಟ್ಟೆ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. “ಅವರಿಗೆ ಕಲ್ಲೇ ಬೇಕಂತ್ರಿ. ಹಾಕಿ ಬರ್ತೀನಿ. ನಾಳೆ ತೆಗಿಯಾಕ ಕರದ್ರ ಅದಕ್ಕೂ ಹೋಗ್ತೀನಿ.”

ಬಸ್ಸಿಗೆ ಹೊತ್ತಾಯಿತೆಂದು ಚಹಾ ಕೂಡ ಕುಡಿಯದೆ ಹೊರಟಳು.